ಸತ್ತ ರಾಜನ ಹೆಸರು ಹೊತ್ತ ಗಡಿಕಲ್ಲು

ಬ್ರೆಜಿಲ್ ದೇಶದ ಕಾಸೆರಿಸ್ ಪಟ್ಟಣದ ಚೌಕದಲ್ಲಿ ಅಮೃತಶಿಲೆಯ ಗಡಿಕಲ್ಲೊಂದಿದೆ. ಜೌರು ಗಡಿಕಲ್ಲು ಅಂತ ಹೆಸರು. ನಾಲ್ಕೂ ಮುಖಗಳಲ್ಲಿ ಲ್ಯಾಟಿನ್ ಬರಹ. ಒಂದರಲ್ಲಿ ಪೋರ್ಚುಗಲ್ಲಿನ ರಾಜ ಐದನೆಯ ಜುವಾವ್, ಇನ್ನೊಂದರಲ್ಲಿ ಸ್ಪೇನಿನ ರಾಜ ಆರನೆಯ ಫರ್ಡಿನಾಂಡ್. ಮೂರನೆಯದರಲ್ಲಿ ಮಡ್ರಿಡ್ ಗಡಿ ಒಪ್ಪಂದದ ಉಲ್ಲೇಖ. ಕಾಲ, 1750ರ ಜನವರಿ ಈಡ್ಸ್. ರೋಮನ್ ಲೆಕ್ಕದಲ್ಲಿ ಜನವರಿಯ ಈಡ್ಸ್ ಅಂದ್ರೆ 13ನೇ ತಾರೀಖು. ನಾಲ್ಕನೆಯದರಲ್ಲಿ ನ್ಯಾಯವೂ ಶಾಂತಿಯೂ ಕೂಡಿಕೊಂಡವೆಂಬ ಭಾವದ ಬೈಬಲ್ ಮಾತು.

ಈಗ ಒಂದು ತೊಡಕು ನೋಡಿ. ಕಲ್ಲು ನೆಟ್ಟಿದ್ದು 1754ರಲ್ಲಿ, ಜೌರು ನದಿ ಪರಗ್ವಾಯ್ ನದಿಗೆ ಸೇರುವ ಜಾಗದಲ್ಲಿ. ಜುವಾವ್ ತೀರಿಕೊಂಡಿದ್ದು 1750ರ ಜುಲೈ 31ರಂದು. ಅಂದರೆ ಕಲ್ಲಿನ ಮೇಲಿರುವುದು ಒಪ್ಪಂದದ ಕಾಲ, ನೆಟ್ಟ ಕಾಲ ಅಲ್ಲ. ನಮ್ಮ ದಾನಶಾಸನಗಳಲ್ಲೂ ದಾನ ಕೊಟ್ಟ ದಿನ ಬೇರೆ, ಕಂಡರಿಸಿದ ದಿನ ಬೇರೆ ಇರಬಹುದಲ್ವಾ, ಹಾಗೇ.

ಕಲ್ಲಿನ ಹಿಂದೆ ಒಂದು ನಕ್ಷೆಯೂ ಇದೆ. 1494ರ ಟೋರ್ಡೆಸಿಲ್ಲಾಸ್ ಒಪ್ಪಂದ ಕೇಪ್ ವರ್ಡ್ ದ್ವೀಪಗಳಿಂದ 370 ಲೀಗ್ ಪಶ್ಚಿಮಕ್ಕೆ ಗೆರೆ ಎಳೆದಿತ್ತು. ಆದರೆ ಆ ಕಾಲಕ್ಕೆ ರೇಖಾಂಶ ಅಳೆಯುವುದೇ ಕಷ್ಟ. ಗೆರೆ ನೆಲದ ಮೇಲೆ ಎಲ್ಲಿ ಬೀಳುತ್ತೆ ಅನ್ನೋದೇ ಜಗಳ. 1720ರಲ್ಲಿ ಫ್ರಾನ್ಸಿನ ನಕ್ಷೆಗಾರ ಡೆಲಿಲ್, ಪೋರ್ಚುಗೀಸರು ಗೆರೆ ದಾಟಿ ಕೂತಿದ್ದಾರೆಂದು ಲೆಕ್ಕ ಹಾಕಿ ತೋರಿಸಿದ. 1749ರಲ್ಲಿ ಪೋರ್ಚುಗಲ್ ತಾನೇ ಒಂದು ನಕ್ಷೆ ಮಾಡಿಸಿ ಮಾತುಕತೆಗೆ ತಂದಿತು. ಅದೇ ‘ಮಾಪಾ ದಾಸ್ ಕೋರ್ತೆಸ್’. ಇದರ ಹಿಂದಿದ್ದ ತಲೆ ಬ್ರೆಜಿಲ್‌ನಲ್ಲೇ ಹುಟ್ಟಿದ ಅಲೆಶಾಂದ್ರೆ ದೆ ಗುಸ್ಮಾವ್. ಅದರಲ್ಲಿ ಒಳನಾಡಿನ ಪಶ್ಚಿಮದ ಪ್ರದೇಶಗಳು ಇರಬೇಕಾದ್ದಕ್ಕಿಂತ ಪೂರ್ವಕ್ಕೆ ಸರಿದಿವೆ. ಹಾಗಾಗಿ ಒತ್ತುವರಿ ಚಿಕ್ಕದಾಗಿ ಕಾಣುತ್ತೆ. ಇದು ಬೇಕಂತಲೇ ಮಾಡಿದ್ದು ಎಂದು ಇತಿಹಾಸಕಾರ ಜೈಮೆ ಕೊರ್ತೆಸಾವ್ ವಾದಿಸಿದರು.

ಬೆಲೆ ತೆತ್ತವರು ಈ ಗಡಿಯ ದಕ್ಷಿಣ ತುದಿಯವರು. ಅದೇ ಒಪ್ಪಂದದಲ್ಲಿ ಸ್ಪೇನ್, ಕೊಲೋನಿಯಾ ದೊ ಸಾಕ್ರಮೆಂಟೊ ಎಂಬ ಪೋರ್ಚುಗೀಸ್ ಕೋಟೆಗೆ ಬದಲಾಗಿ ಉರುಗ್ವಾಯ್ ನದಿಯ ಪೂರ್ವದ ಏಳು ಗ್ವರಾನಿ ಊರುಗಳನ್ನು ಬಿಟ್ಟುಕೊಟ್ಟಿತು. ಜನ ಮನೆ ಹೊಲ ಬಿಟ್ಟು ಹೋಗಬೇಕಿತ್ತು. ಅವರು ಒಪ್ಪಲಿಲ್ಲ. 1754ರಲ್ಲಿ, ಅಂದರೆ ಶಾಂತಿಯ ಮಾತು ಹೊತ್ತ ಈ ಕಲ್ಲು ನೆಟ್ಟ ವರ್ಷವೇ, ಯುದ್ಧ ಶುರುವಾಯಿತು. 1756ರ ಫೆಬ್ರವರಿ 10ರಂದು ಕೈಬೊವಾಟೆಯಲ್ಲಿ ಎರಡೂ ದೇಶಗಳ ಸೇನೆ ಒಟ್ಟಾಗಿ ಸಾವಿರಕ್ಕೂ ಹೆಚ್ಚು ಗ್ವರಾನಿಗಳನ್ನು ಕೊಂದವು.

1761ರಲ್ಲಿ ಒಪ್ಪಂದವೇ ರದ್ದಾಯಿತು. ಕಲ್ಲು ಮಾತ್ರ ಉಳಿಯಿತು; 1883ರಲ್ಲಿ ಅದನ್ನು ಕಾಸೆರಿಸ್‌ಗೆ ತಂದು ನಿಲ್ಲಿಸಿದರು. ಈಗ ಅದು ಯಾವ ಗಡಿಯನ್ನೂ ತೋರಿಸೋದಿಲ್ಲ. ಇಬ್ಬರು ರಾಜರ ಹೆಸರು ಇವತ್ತಿಗೂ ಓದಲು ಸಿಗುತ್ತೆ, ಗ್ವರಾನಿಗಳ ಹೆಸರು ಅದರ ಯಾವ ಮುಖದಲ್ಲೂ ಇಲ್ಲ.