ಏಕಾಂತ ಸಾಧನೆಯ ಪೂರ್ವಚರಿತ್ರೆ

ದುಬೈನ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನೆಲೆಸಿದ ಕನ್ನಡಿಗನೊಬ್ಬನು, ದಿನದ ದುಡಿಮೆಯನ್ನು ಮುಗಿಸಿ ಜಿಮ್ಮಿಗೆ ಹೋದಾಗ, ವಿಶೇಷ ತರಬೇತಿಯ ಪ್ಯಾಕೇಜನ್ನು ಕೊಳ್ಳೆಂದು ಬೆನ್ನುಹತ್ತುವ ಸಿಬ್ಬಂದಿಗೆ ‘ನಾನೊಬ್ಬನೇ ಮಾಡಿಕೊಳ್ಳುವೆನು’ ಎಂದು ವಿನಯದಿಂದಲೂ ದೃಢವಾಗಿಯೂ ಹೇಳುವನಾದರೆ, ಆ ಮಾತಿಗೆ ನಮ್ಮ ನಾಡಿನಲ್ಲಿಯೇ ಗೌರವಾರ್ಹವಾದೊಂದು ಪರಂಪರೆಯುಂಟು.

ಮೈಸೂರಿನ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಮಟ್ಟಿಗೆ ಇಳಿದವನು ಉಸ್ತಾದನ ಆಜ್ಞೆಗೆ ಅಧೀನನಾಗಿದ್ದನು. ಮಲ್ಲಯುದ್ಧವು ಒಂಟಿಯಾಗಿ ಸಾಧಿಸತಕ್ಕ ವಿದ್ಯೆಯಲ್ಲವಾದುದರಿಂದ ಆ ಅಧೀನತೆಯು ಉಚಿತವೇ ಆಗಿತ್ತು. ಆದರೆ ದಂಡೆ, ಬಸ್ಕಿಗಳಿಗೆ ಎದುರಾಳಿಯೇಕೆ? ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ಕಟ್ಟಿ ಬೆಳೆಸಿದವರೂ, ‘ಶಾಂತಲಾ’, ‘ರೂಪದರ್ಶಿ’ ಎಂಬ ಕಾದಂಬರಿಗಳನ್ನು ರಚಿಸಿದವರೂ ಆದ ಕೆ. ವಿ. ಅಯ್ಯರ್ ಅವರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರೆಂದು ನನ್ನ ನಂಬಿಕೆ. 1904–05ರಲ್ಲಿ ಭಾರತದಲ್ಲಿ ಸಂಚರಿಸಿದ್ದ ಅಂಗಸಾಧಕ ಯುಜೀನ್ ಸ್ಯಾಂಡೋ ಮೊದಲಾದವರು ಪಶ್ಚಿಮದಲ್ಲಿ ರೂಢಿಗೆ ತಂದಿದ್ದ ಅಂಚೆಯ ಮೂಲಕ ಅಂಗಸಾಧನೆಯನ್ನು ಬೋಧಿಸುವ ಕ್ರಮವನ್ನು ಅವರೂ ಕೈಗೊಂಡರು. ಗುರುವು ದೂರದಲ್ಲಿದ್ದು ಪಾಠವನ್ನು ಕಳುಹಿಸುವನು. ಶಿಷ್ಯನು ತನ್ನ ಕೋಣೆಯ ಏಕಾಂತದಲ್ಲಿ, ತನ್ನ ಉಸಿರಿನ ಲಯಕ್ಕನುಗುಣವಾಗಿ, ಅದನ್ನು ಅಭ್ಯಾಸಮಾಡುವನು. ಎಷ್ಟು ಸಭ್ಯವಾದ ಸಂಬಂಧ! ಭಾರವೆತ್ತುವ ಸಾಧನೆಯೊಡನೆ ಅಯ್ಯರ್ ಅವರು ಬೆಸೆದ ಸೂರ್ಯನಮಸ್ಕಾರಕ್ಕಂತೂ, ಕೈಕಾಲು ಚಾಚುವಷ್ಟು ನೆಲದ ಹೊರತು ಮತ್ತೇನೂ ಬೇಕಿರಲಿಲ್ಲ.