ಗುಬ್ಬಿಯೋದ ಕೆಂಪು ಕಲ್ಲು, ಮಹಾಬಳೇಶ್ವರದ ಕಪ್ಪು ಕಲ್ಲು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬ್‌ನಲ್ಲಿ ಓದ್ತೀವಿ ಅನ್ನೋರಿಗೆ ಈ ಬರಹ. ಪುಣೆಯಲ್ಲಿರೋ ನಾವೆಲ್ಲ ಲಾಂಗ್ ವೀಕೆಂಡ್ ಸಿಕ್ಕರೆ ಮಹಾಬಳೇಶ್ವರಕ್ಕೆ ಹೊರಟುಬಿಡ್ತೀವಿ. ಆ ಘಾಟಿನ ಕಪ್ಪು ಕಲ್ಲಿಗೂ ಇಟಲಿಯ ಒಂದು ಕೆಂಪು ಸುಣ್ಣಕಲ್ಲಿಗೂ ಒಂದೇ ಟೈಮ್‌ಸ್ಟ್ಯಾಂಪ್ ಇದೆ ಅಂದ್ರೆ ನಂಬ್ತೀರಾ?

ಊರಿನ ಹೆಸರು ಗುಬ್ಬಿಯೋ, ಉಂಬ್ರಿಯಾ ಪ್ರಾಂತ್ಯ. (ನಮ್ಮ ತುಮಕೂರಿನ ಗುಬ್ಬಿ ಅಲ್ಲ!) ಅಲ್ಲಿನ ಬೊತ್ತಚಿಯೋನೆ ಕಣಿವೆಯಲ್ಲಿ ಸ್ಕಾಲ್ಯಾ ರೋಸಾ ಎಂಬ ಸುಣ್ಣಕಲ್ಲಿನ ಪದರಗಳಿವೆ. ಆಳ ಸಮುದ್ರದ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪು ಲಕ್ಷಾಂತರ ವರ್ಷ ಕೂತು ಕೂತು ಕಲ್ಲಾದದ್ದು.

ಸುಣ್ಣಕಲ್ಲಿಗೆ ಸ್ವಂತ ಕಾಂತಶಕ್ತಿ ಇಲ್ಲ. ಕ್ಯಾಲ್ಸೈಟನ್ನು ಆಯಸ್ಕಾಂತ ಸೆಳೆಯೋದಿಲ್ಲ, ಬಹಳ ಕ್ಷೀಣವಾಗಿ ದೂರ ತಳ್ಳುತ್ತೆ. ಕಥೆ ಹೇಳೋದು ಅದರಲ್ಲಿ ಬೆರೆತ 'ಕಸ': ನೆಲದಿಂದ ಬಂದ ಧೂಳು, ಜೇಡಿ, ಮ್ಯಾಗ್ನೆಟೈಟ್, ಹೆಮಟೈಟ್ ಕಣಗಳು. ಕೆಸರು ಗಟ್ಟಿಯಾಗುವಾಗ ಈ ಕಣಗಳು ಅಂದಿನ ಭೂಕಾಂತ ಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಣಗಳ ಪ್ರಮಾಣ ಹೆಚ್ಚಿದ್ದರೆ ಆಗ ನೆಲದ ಮಣ್ಣು ಕಡಲಿಗೆ ಹೆಚ್ಚು ಬಂದಿರಬಹುದು. ಹೆಮಟೈಟ್‌ನ ಕೆಂಪು ಇದ್ದರೆ ತಳದ ನೀರಲ್ಲಿ ಆಮ್ಲಜನಕ ಇತ್ತು ಅಂತ ಅರ್ಥ.

1970ರ ದಶಕದಲ್ಲಿ ವಾಲ್ಟರ್ ಆಲ್ವರೆಜ್ ಮತ್ತು ವಿಲಿಯಂ ಲೌರಿ ಇಲ್ಲಿಗೆ ಬಂದದ್ದು ಇಟಲಿಯ ಭೂಫಲಕ ಎಷ್ಟು ತಿರುಗಿದೆ ಅಂತ ಅಳೆಯೋಕೆ. ಕಲ್ಲಿಗೆ ಡ್ರಿಲ್ ಹಾಕಿ, ದಿಕ್ಕು ಗುರುತಿಸಿ, ಸಣ್ಣ ಸಣ್ಣ ತುಂಡು ತೆಗೆದರು. ಸಿಕ್ಕಿದ್ದೇ ಬೇರೆ. ಭೂಮಿಯ ಉತ್ತರ-ದಕ್ಷಿಣ ಅದಲು ಬದಲಾದ ದಾಖಲೆ ಒಂದರ ಮೇಲೊಂದು ಸಾಲಾಗಿತ್ತು! ಸಾಗರತಳದ ಕಾಂತಪಟ್ಟಿಗಳ ಜೊತೆ ಅದು ಹೊಂದಿಕೊಂಡಿತು. 1977ರಲ್ಲಿ ಲೇಖನಗಳು ಬಂದವು. ಡೈನೋಸಾರ್ ಯುಗ ಮುಗಿಯುವ ಗಡಿಯಲ್ಲಿ ಸುಮಾರು 1 ಸೆಂ.ಮೀ. ದಪ್ಪದ ಜೇಡಿಪದರ ಇದೆ, ಅದು ಬಿದ್ದದ್ದು 29ಆರ್ ಎಂಬ 'ಉಲ್ಟಾ' ಅವಧಿಯಲ್ಲಿ. ಆ ಅವಧಿಯ ಒಟ್ಟು ಉದ್ದವೇ ಐದಾರು ಲಕ್ಷ ವರ್ಷ. ಹಾಗಾದ್ರೆ ಜೇಡಿ ಕೂರೋಕೆ ಎಷ್ಟು ಕಾಲ ಹಿಡೀತು? ಅದನ್ನು ಅಳೆಯೋಕೆ ಹೋಗಿಯೇ ಇರಿಡಿಯಂ ಸುಮಾರು 30 ಪಟ್ಟು ಸಿಕ್ಕಿದ್ದು, 1980ರಲ್ಲಿ ಕ್ಷುದ್ರಗ್ರಹದ ವಾದ ಹುಟ್ಟಿದ್ದು. ಇದು ಎಲ್ಲರಿಗೂ ಗೊತ್ತಿರೋ ಭಾಗ.

ಈಗ ನಮ್ಮ ಕಡೆ ಬನ್ನಿ. 1986ರಲ್ಲಿ ವಿನ್ಸೆಂಟ್ ಕೂರ್ತಿಯೋ ತಂಡ ದಖನ್ ಲಾವಾದ ಬಹುಭಾಗ ಇದೇ 29ಆರ್‌ನಲ್ಲಿ ಹರಿದದ್ದು ಅಂತ ವಾದಿಸಿತು. ಮಹಾಬಳೇಶ್ವರದ ಘಾಟಿ ಹತ್ತುವಾಗ ಉಲ್ಟಾ ಕಾಂತತೆಯ ಕಲ್ಲು, ಮೇಲಿನ ಪದರಗಳಿಗೆ ಬರುವಾಗ ಅದು ನೇರವಾಗುತ್ತೆ. ನಮ್ಮ ಬೆಳಗಾವಿ, ವಿಜಯಪುರ ಕಡೆಯ ಕಪ್ಪು ಕಲ್ಲೂ ಇದೇ ಲಾವಾ ಕುಟುಂಬದ್ದು. ಅಂದ್ರೆ ಕೊಲೆ ನಡೆದ ಹೊತ್ತಲ್ಲಿ ಆರೋಪಿಗಳು ಇಬ್ಬರು.

ಸಾಕ್ಷಿ ಮತ್ತೆ ಸುಣ್ಣಕಲ್ಲೇ. ಗುಬ್ಬಿಯೋದಲ್ಲಿ ಜೇಡಿಪದರದ ಸ್ವಲ್ಪ ಕೆಳಗೆ ಕೆಂಪು ಬಣ್ಣ ಹೋಗಿ ಕಲ್ಲು ಬೆಳ್ಳಗಾಗಿದೆ, ಹೆಮಟೈಟ್ ಮಾಯ. ಕೆಳಗಿನ ಪದರ ಅಂದ್ರೆ ಹೊಡೆತಕ್ಕೆ ಮೊದಲಿನದು, ಹಾಗಾಗಿ ಕಡಲು ಮೊದಲೇ ಕೆಟ್ಟಿತ್ತು ಅನ್ನಿಸುತ್ತೆ ಅಲ್ವಾ? ಫ್ರಾನ್ಸಿನ ಬಿಡಾರ್‌ನಲ್ಲೂ ಗಡಿಯ ಕೆಳಗೆ ಕಾಂತತೆ ಕುಸಿದಿದೆ. 2011ರಲ್ಲಿ ಎರಿಕ್ ಫಾಂಟ್ ತಂಡ ಹೇಳಿದ್ದು ಇದು: ದಖನ್ ಜ್ವಾಲಾಮುಖಿಯ ಆಮ್ಲಮಳೆ ಮ್ಯಾಗ್ನೆಟೈಟನ್ನು ಕರಗಿಸಿರಬೇಕು.

ಆದ್ರೆ ಲೌರಿ, ಆಲ್ವರೆಜ್, ಅಸಾರೊ 1990ರಲ್ಲೇ ಗುಬ್ಬಿಯೋದ ಬಿಳಿ ಪದರಕ್ಕೆ ಬೇರೆ ಕಾರಣ ಕೊಟ್ಟಿದ್ದರು. ಹೊಡೆತದ ನಂತರ ಸತ್ತ ಜೀವಿಗಳ ರಾಶಿ ತಳಕ್ಕೆ ಬಿತ್ತು, ಕೊಳೆಯಿತು, ಆಮ್ಲಜನಕ ತಿಂದಿತು. ಆ ನೀರು ಕೆಳಗಿನ ಕೆಸರಿಗಿಳಿದು ಕೆಂಪನ್ನು ತೊಳೆಯಿತು. ಅಂದ್ರೆ ಹಳೇ ಲಾಗ್ ಫೈಲನ್ನು ಆಮೇಲಿನ ಪ್ರೋಸೆಸ್ ಎಡಿಟ್ ಮಾಡಿದ ಹಾಗೆ. ಪ್ರೊಡಕ್ಷನ್‌ನಲ್ಲಿ ಇಂಥ ಬಗ್ ಹುಡುಕಿದವರಿಗೆ ಆ ನೋವು ಗೊತ್ತು: ಟೈಮ್‌ಸ್ಟ್ಯಾಂಪ್ ಸರಿ, ಒಳಗಿನ ಸಾಲು ಮಾತ್ರ ಆಮೇಲೆ ಬರೆದದ್ದು.

ಗುಬ್ಬಿಯೋದ ಮಟ್ಟಿಗೆ ನನ್ನ ಓಟು ಲೌರಿಗೆ. ಬಣ್ಣ ಹೋಗಿರೋದು ಗಡಿಗೆ ಅಂಟಿಕೊಂಡೇ, ಮೇಲಿಂದ ಕೆಳಗೆ ಇಂಗಿದ ಹಾಗೆ. ಬಿಡಾರ್ ವಿಷಯದಲ್ಲಿ ಮಾತ್ರ ದಖನ್ ಕಲ್ಲನ್ನು ಇನ್ನೂ ನಿರ್ದೋಷಿ ಅನ್ನೋಕೆ ಮನಸ್ಸು ಬರ್ತಿಲ್ಲ.