ಲಂಡನ್ ಸುತ್ತಿ ಬಂದ ತಂತಿ ಸುದ್ದಿ

ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಎಂಬ ಗಾದೆ ನಮ್ಮಲ್ಲಿದೆ. 1888ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ತಂತಿ ಸುದ್ದಿಗೆ ಇಂಥದೇ ಗತಿ ಬಂದಿತ್ತು. ನ್ಯೂಯಾರ್ಕಿನಿಂದ ಬಾಸ್ಟನ್‌ಗೆ ಇರುವ ದೂರ ಸುಮಾರು 350 ಕಿಲೋಮೀಟರು. ಆದರೆ ಆ ದಿನಗಳಲ್ಲಿ ಈ ಎರಡು ನಗರಗಳ ನಡುವಿನ ಸುದ್ದಿ ಅಟ್ಲಾಂಟಿಕ್ ಸಾಗರದ ತಳದ ಕೇಬಲ್ ಮೂಲಕ ಲಂಡನ್ ತಲುಪಿ, ಮತ್ತೆ ಸಾಗರ ದಾಟಿ ಅಮೆರಿಕಕ್ಕೆ ಮರಳಬೇಕಾಯಿತು. ನೆಲದ ಮೇಲಿನ ನೇರ ದಾರಿ ಹಿಮದಲ್ಲಿ ಹೂತುಹೋಗಿತ್ತು.

ಮಾರ್ಚ್ 11ರ ಭಾನುವಾರ ನ್ಯೂಯಾರ್ಕಿನಲ್ಲಿ ಸುರಿಯುತ್ತಿದ್ದುದು ಬರಿಯ ಮಳೆ. ನಡುರಾತ್ರಿ ಕಳೆಯುತ್ತಿದ್ದಂತೆ ಅದು ಹಿಮವಾಯಿತು, ಬಿರುಗಾಳಿಯೂ ಜೊತೆಗೂಡಿತು. ನಗರದಲ್ಲಿ ಸುಮಾರು 21 ಅಂಗುಲ ಹಿಮ ಬಿತ್ತು. ಗಾಳಿ ಅದನ್ನು ಗುಡ್ಡೆ ಹಾಕಿ ಮನೆಗಳ ಬಾಗಿಲುಗಳನ್ನೇ ಮುಚ್ಚಿತು. ಈಶಾನ್ಯ ಅಮೆರಿಕದಲ್ಲಿ ಸತ್ತವರ ಸಂಖ್ಯೆ 400ನ್ನು ದಾಟಿತು.

ಟೆಲಿಫೋನಿಗೆ ಆಗಿನ್ನೂ ಹನ್ನೆರಡು ವರ್ಷ. ಟೆಲಿಗ್ರಾಫ್, ಟೆಲಿಫೋನ್, ವಿದ್ಯುದ್ದೀಪ ಹೀಗೆ ಒಂದೊಂದು ಕಂಪನಿಯೂ ತನ್ನದೇ ಕಂಬಗಳನ್ನು ನೆಟ್ಟಿತ್ತು. ಕೆಲವು ಕಂಬಗಳು 90 ಅಡಿ ಎತ್ತರವಿದ್ದು, ಅಡ್ಡಪಟ್ಟಿಗಳ ಮೇಲೆ ಹತ್ತಾರು ತಂತಿಗಳನ್ನು ಹೊತ್ತಿದ್ದವು. ಹಸಿ ಹಿಮ ತಂತಿಗೆ ಅಂಟಿ ಹೆಪ್ಪುಗಟ್ಟಿದಾಗ ಅದರ ಭಾರ ಹಲವು ಪಟ್ಟು ಹೆಚ್ಚುತ್ತದೆ. ದಪ್ಪವಾದ ತಂತಿಯನ್ನು ಗಾಳಿಯೂ ಹೆಚ್ಚು ಬಲವಾಗಿ ತಳ್ಳುತ್ತದೆ. ಒಂದು ಕಂಬ ಬಿದ್ದರೆ ತಂತಿಯ ಎಳೆತಕ್ಕೆ ಪಕ್ಕದ ಕಂಬವೂ ವಾಲುತ್ತದೆ. ಸಾಲುಸಾಲಾಗಿ ಕಂಬಗಳು ಉರುಳಿದ್ದು ಹೀಗೆ.

ದುರಸ್ತಿ ಸುಲಭವಾಗಿರಲಿಲ್ಲ. ಊರೂರುಗಳ ನಡುವಿನ ತಂತಿಗಳು ಹೆಚ್ಚಾಗಿ ರೈಲು ಹಳಿಗಳ ಪಕ್ಕದಲ್ಲೇ ಸಾಗುತ್ತಿದ್ದವು. ಹಳಿಗಳ ಹಿಮ ತೆಗೆಯದೆ ಹೊಸ ಕಂಬ, ತಂತಿ, ಆಳುಗಳನ್ನು ಸಾಗಿಸುವಂತಿರಲಿಲ್ಲ. ರೈಲು ಎಲ್ಲಿ ಸಿಕ್ಕಿಕೊಂಡಿದೆಯೆಂದು ತಿಳಿಯಲು ತಂತಿ ಬೇಕು; ತಂತಿ ಸರಿಪಡಿಸಲು ರೈಲು ಬೇಕು! ಲೈನ್‌ಮನ್‌ಗಳು ಹಿಮದಲ್ಲಿ ಕಾಲೆಳೆಯುತ್ತ ಹೋಗಿ, ತುಂಡಾದ ತಂತಿಯನ್ನು ಹುಡುಕಿ ಬೆಸೆಯಬೇಕಿತ್ತು. ಇತ್ತ ಸಾಗರದ ತಳದಲ್ಲಿದ್ದ ಕೇಬಲ್ಲಿಗೆ ಮಾತ್ರ ಬಿರುಗಾಳಿಯ ಸುಳಿವೇ ಇರಲಿಲ್ಲ.

ಹಾಗಾದರೆ ನಗರದ ತಂತಿಗಳನ್ನು ನೆಲದಡಿ ಹುಗಿದಿರಲಿಲ್ಲವೇಕೆ? ಕಾನೂನೇನೋ ಇತ್ತು. ಐದು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ತಂತಿಗಳು ನೆಲದಡಿ ಇರಬೇಕೆಂದು ನ್ಯೂಯಾರ್ಕ್ ರಾಜ್ಯದ ಶಾಸನಸಭೆ 1884ರಲ್ಲೇ ವಿಧಿಸಿತ್ತು. ಮರುವರ್ಷ ಇದಕ್ಕಾಗಿ ಆಯೋಗವೂ ರಚನೆಯಾಯಿತು. ಕಂಪನಿಗಳು ಖರ್ಚಿನ ನೆಪ ಹೇಳಿ ಕಾಲ ತಳ್ಳಿದವು. ಅವುಗಳ ಆಕ್ಷೇಪವೆಲ್ಲ ಸುಳ್ಳೆಂದೂ ಹೇಳಲಾಗದು. ಅಂದಿನ ನೆಲದಡಿಯ ಕೇಬಲ್ಲುಗಳಲ್ಲಿ ಟೆಲಿಫೋನ್ ಧ್ವನಿ ಬೇಗ ಕ್ಷೀಣಿಸುತ್ತಿತ್ತು. ಒಬ್ಬರ ಮಾತು ಇನ್ನೊಬ್ಬರ ತಂತಿಯಲ್ಲಿ ಕೇಳಿಸುತ್ತಿತ್ತು. ಒಣ ಕಾಗದ ಸುತ್ತಿದ ಜೋಡಿ ತಂತಿಗಳನ್ನು ಸೀಸದ ಕವಚದಲ್ಲಿಡುವ ವಿಧಾನ 1890ರ ಸುಮಾರಿಗೆ ಬಳಕೆಗೆ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು.

ಬಿರುಗಾಳಿಯ ನಂತರ ಜನಾಭಿಪ್ರಾಯ ಗಟ್ಟಿಯಾಯಿತು. 1889ರಲ್ಲಿ ಮೇಯರ್ ಆದ ಹ್ಯೂ ಗ್ರಾಂಟ್ ಕಂಬಗಳನ್ನು ಕಡಿಸತೊಡಗಿದರು. ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. ಅದೇ ವರ್ಷದ ಅಕ್ಟೋಬರ್ 11ರಂದು ಜಾನ್ ಫೀಕ್ಸ್ ಎಂಬ ಲೈನ್‌ಮನ್ ಕಂಬದ ಮೇಲೆ ಟೆಲಿಗ್ರಾಫ್ ತಂತಿಗಳ ನಡುವೆ ಕೆಲಸ ಮಾಡುತ್ತಿದ್ದಾಗ, ಅವಕ್ಕೆ ತಗುಲಿದ್ದ ಹೆಚ್ಚು ಒತ್ತಡದ ವಿದ್ಯುತ್ತಿಗೆ ಬಲಿಯಾದ. ಹಾಡುಹಗಲಲ್ಲಿ, ನೂರಾರು ಜನರ ಕಣ್ಣೆದುರು ಅವನ ದೇಹ ತಂತಿಗಳ ಬಲೆಯಲ್ಲಿ ನೇತಾಡಿತು. ಆ ವರ್ಷದ ಕೊನೆಗೆ ಕಂಬ ಕಡಿಯುವ ಕೆಲಸ ಮತ್ತೆ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಮ್ಯಾನ್‌ಹಟನ್ನಿನ ತಂತಿಗಳು ನೆಲದೊಳಕ್ಕೆ ಇಳಿದವು.

ನೆಲದಡಿಗೆ ಇಳಿದ ಮಾತ್ರಕ್ಕೆ ಸಮಸ್ಯೆ ಮುಗಿಯಲಿಲ್ಲ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ದಿನಗಟ್ಟಲೆ ಸುರಿದ ಹೆಪ್ಪುಗಟ್ಟುವ ಮಳೆಗೆ ಸುಮಾರು 1,000 ಉಕ್ಕಿನ ವಿದ್ಯುತ್ ಗೋಪುರಗಳು ಕುಸಿದವು. ಟೆಲಿಫೋನ್ ತಂತಿ ಸುರಕ್ಷಿತವಾಗಿದ್ದರೂ ಎಕ್ಸ್‌ಚೇಂಜಿಗೆ ವಿದ್ಯುತ್ ಬೇಕಲ್ಲ! ಎಕ್ಸ್‌ಚೇಂಜುಗಳಲ್ಲಿ ಬ್ಯಾಟರಿಗಳನ್ನೂ ಡೀಸೆಲ್ ಜನರೇಟರುಗಳನ್ನೂ ಇಡುವುದು ಇದಕ್ಕಾಗಿಯೇ. ಇಂದಿನ ಮೊಬೈಲ್ ಗೋಪುರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬಿದ್ದ ಕಂಬವನ್ನು ಮತ್ತೆ ನೆಟ್ಟರೆ ಸೇವೆ ಮರಳುತ್ತದೆ. ಮುಂದಿನ ಬಿರುಗಾಳಿಗೆ ಆ ಕಂಬ ಮತ್ತೆ ಬೀಳುತ್ತದೆ. ಇದು ನ್ಯೂಯಾರ್ಕಿಗೆ 1884ರಲ್ಲೇ ಗೊತ್ತಿತ್ತು. ಗೊತ್ತಿದ್ದುದನ್ನು ಮಾಡಿಸಲು 21 ಅಂಗುಲ ಹಿಮ ಬೀಳಬೇಕಾಯಿತು, ಒಬ್ಬ ಲೈನ್‌ಮನ್ ಸಾಯಬೇಕಾಯಿತು.